ಒಂದೂವರೆ ಗೇಣು ಎತ್ತರದ ದೀಪ

ಮಾರ್ಚ್ 10, ಸೋಮವಾರ

ಗೊಬ್ಬರದ ಕಂಪನಿಯವರು ವರ್ಷಾವರ್ಷ ಕೊಡುವ ಡೈರಿಯಲ್ಲಿ ನಾನು ಇಂದಿನವರೆಗೆ ಒಂದಕ್ಷರ ಬರೆದವನಲ್ಲ. ಇವತ್ತು ಬರೆಯುತ್ತಿದ್ದೇನೆ, ಏಕೆಂದರೆ ಕಾಶಿಬಾಯಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಒಣದ್ರಾಕ್ಷಿ ಅಂಗಡಿಯಲ್ಲಿ ಕುಳಿತು ಹೇಳಿಕೊಳ್ಳುವ ವಿಷಯವೂ ಇದಲ್ಲ. ಹೆಂಡತಿ ಕೇಳದಿದ್ದರೆ ಕಾಗದವಾದರೂ ಕೇಳಲಿ.

ನಿನ್ನೆ ಮಗ ಸಂಗುವಿನ ಹೆಂಡತಿ ಹೆರಿಗೆಗೆಂದು ತವರಿಗೆ, ಬಬಲೇಶ್ವರಕ್ಕೆ ಹೋದಳು. ಬಿ.ಪಿ. ಏರಿದೆ, ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರರು ಹೇಳಿದ್ದಾರಂತೆ. ಆಗಲಿ, ತವರು ಇರುವುದೇ ಅದಕ್ಕೆ. ಆದರೆ ಕಾರು ಹೊರಡುವ ಮೊದಲು ಸಂಗು ನನ್ನನ್ನು ಪಕ್ಕಕ್ಕೆ ಕರೆದು, ಹೆರಿಗೆಯಾದ ಮೇಲೆ ನಾವು ಈ ಮನೆಗೆ ಬರುವುದಿಲ್ಲ, ಅವಳ ಕಾಲೇಜಿನ ಹತ್ತಿರ ತೊರವಿಯಲ್ಲಿ ಬಾಡಿಗೆ ಮನೆ ನೋಡುತ್ತಿದ್ದೇವೆ ಎಂದ. ಯಾಕಪ್ಪ ಎಂದು ಕೇಳಿದೆ. "ಯಾಕಂತ ನಿಮಗ ಗೊತ್ತೈತಿ ಅಪ್ಪಾ" ಎಂದ.

ನನಗೆ ಗೊತ್ತಿಲ್ಲ. ಈ ಮೂರು ವರ್ಷದಲ್ಲಿ ನಾನು ಆ ಹುಡುಗಿಗೆ ಒಂದು ಬಿರುಸು ಮಾತು ಆಡಿಲ್ಲ. ಮಾತೇ ಆಡಿಲ್ಲ, ಇನ್ನು ಬಿರುಸು ಎಲ್ಲಿಂದ ಬರಬೇಕು? ಸಂಗು ತಾನೇ ನೋಡಿ ಮಾಡಿಕೊಂಡ ಮದುವೆ. ನಾವು ಜಂಗಮರು, ಅವರು ಬುದ್ಧನ ಫೋಟೋಕ್ಕೆ ಕೈ ಮುಗಿಯುವವರು. ನಾನು ಅಡ್ಡ ಬರಲಿಲ್ಲ, ಅಕ್ಷತೆಯನ್ನೂ ಹಾಕಿದೆ. ಮದುವೆಯ ಮಾತಿಗೆ ಹೋದ ದಿನ ಹುಡುಗನ ಅಪ್ಪ ಕಾರಿನಲ್ಲೇ ಕುಳಿತರು, ಒಂದು ತಂಬಿಗೆ ನೀರು ಸಹ ಮುಟ್ಟಲಿಲ್ಲ ಎಂದು ಅವಳ ತವರಿನವರು ನನ್ನನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ಅಂದು ಸೋಮವಾರ. ಸೋಮವಾರ ಹೊತ್ತು ಮುಳುಗುವವರೆಗೆ ನಾನು ಹನಿ ನೀರು ಮುಟ್ಟುವುದಿಲ್ಲ, ಇದು ಜೋರಾಪುರ ಪೇಟೆಗೇ ಗೊತ್ತಿದ್ದ ಸಂಗತಿ. ಇನ್ನು ಮನೆಯಲ್ಲಿ ಅವಳ ಕೈಯ ಚಹಾ ಕುಡಿಯುವುದಿಲ್ಲ ಎಂಬ ದೂರು. ಮೂವತ್ತೈದು ವರ್ಷದಿಂದ ಕಾಶಿಬಾಯಿಯ ಕೈಯ ಚಹಾ ಕುಡಿದ ನಾಲಿಗೆ, ರೂಢಿ ಬಿಡುವುದು ಸುಲಭವೇ?

ಹೋದವಳು ಹೋದಳು, ತನ್ನ ಸಮುದ್ರವನ್ನು ನನ್ನ ಕೊರಳಿಗೆ ಕಟ್ಟಿ ಹೋದಳು. ಪಡಸಾಲೆಯಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ ಇದೆ. ಅದರಲ್ಲಿ ಉಪ್ಪುನೀರು, ಎರಡು ಕಿತ್ತಳೆ ಬಣ್ಣದ ಮೀನು, ಕಲ್ಲಿಗೆ ಅಂಟಿಕೊಂಡ ಹವಳ. ಈ ಊರಿನಲ್ಲಿ ನಲ್ಲಿಯ ನೀರು ಬರುವ ದಿನ ಜನ ಹಬ್ಬ ಮಾಡುತ್ತಾರೆ, ಈಕೆಗೆ ಸಮುದ್ರ ಬೇಕು. ತೊರವಿಯ ಮನೆ ಗೊತ್ತಾದ ಮೇಲೆ ತೊಟ್ಟಿಯೂ ಅಲ್ಲಿಗೆ ಹೋಗುತ್ತದೆ. ಅಲ್ಲಿಯವರೆಗೆ ನೋಡಿಕೊಳ್ಳುವವರು ಯಾರು? ಕಾಶಿಬಾಯಿಗೆ ಕರೆಂಟಿನ ಹೆದರಿಕೆ. ಸಂಗು ಕಲಬುರಗಿಯ ಬ್ಯಾಂಕಿನಲ್ಲಿ, ಶನಿವಾರಕ್ಕೆ ಬರುವವನು. ಉಳಿದವನು ನಾನು. ಅವೇನಾದರೂ ಸತ್ತರೆ ಮುದುಕ ಬೇಕೆಂದೇ ಕೊಂದ ಎನ್ನುತ್ತಾರೆ. ಆ ಹೆಸರು ನನಗೆ ಬೇಡ. ತೊಟ್ಟಿಯನ್ನು ಹೇಗಿತ್ತೋ ಹಾಗೆ ತೊರವಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತೇನೆ.

ಮಾರ್ಚ್ 13

ಬೆಳಿಗ್ಗೆ ಫೋನು ಬಂತು. ಕಾಶಿಬಾಯಿ ಎತ್ತಿ, ಏನೂ ಹೇಳದೆ ನನ್ನ ಕೈಗಿಟ್ಟಳು. ಸಂಗುವಿನ ಹೆಂಡತಿ. ಕಾಲೇಜಿನಲ್ಲಿ ಪಾಠ ಹೇಳುವವಳು, ಫೋನಿನಲ್ಲೂ ಪಾಠವೇ ಹೇಳಿದಳು. ಆವಿಯಾಗಿ ಹೋದಷ್ಟು ನೀರನ್ನು ಫಿಲ್ಟರಿನ ಸಪ್ಪೆ ನೀರಿನಿಂದ ತುಂಬಬೇಕಂತೆ, ಉಪ್ಪು ಹಾಕಬಾರದಂತೆ. ಸಮುದ್ರಕ್ಕೆ ಉಪ್ಪು ಹಾಕಬಾರದು! ಕೇಳಿದರೆ, ಉಪ್ಪು ಆವಿಯಾಗುವುದಿಲ್ಲ, ಅಲ್ಲೇ ಉಳಿಯುತ್ತದೆ ಎಂದಳು. ಅದೂ ಸರಿಯೇ. ತಾಮ್ರದ, ಹಿತ್ತಾಳೆಯ ಪಾತ್ರೆ ಅದ್ದಲೇಬಾರದು, ಹವಳಕ್ಕೆ ತಾಮ್ರ ವಿಷ ಎಂದಳು. ದೇವರ ಅಭಿಷೇಕಕ್ಕೆ ಆಗುವ ತಾಮ್ರ ಇವಕ್ಕೆ ವಿಷ.

ಕಲ್ಲಿನ ಮೇಲೆ ಅಂಗಿಯ ಗುಂಡಿಯಷ್ಟು ದೊಡ್ಡ, ಹಸಿರು ಅಂಚಿನ ಹೂಗಳಂಥವು ಇವೆ. ಅವಕ್ಕೆ ಗುಂಡಿ ಹವಳ ಎನ್ನುತ್ತಾಳೆ. ಬೆಳಿಗ್ಗೆ ದೀಪ ತಾನಾಗಿ ಹತ್ತಿದ ಮೇಲೆ ಒಂದೊಂದಾಗಿ ಅರಳುತ್ತವೆ. ಹೂವಲ್ಲ, ಪ್ರಾಣಿಯಂತೆ. ಬೇರು ಬಿಟ್ಟವರ ಹಾಗೆ ಕುಳಿತಿರುತ್ತವೆ, ಬೆಳಕು ತಿನ್ನುತ್ತವೆ, ಆದರೂ ಪ್ರಾಣಿ. ನಾನು ಹೆಚ್ಚು ಕೇಳಲು ಹೋಗಲಿಲ್ಲ.

ಮಾರ್ಚ್ 19

ಅನಾಹುತ. ನಿನ್ನೆ ಸಂಜೆ ಗಾಳಿ ಬೀಸಿ ಕರೆಂಟು ಹೋಯಿತು. ಬರುವಾಗ ಎರಡು ಪಟ್ಟು ಜೋರಾಗಿ ಬಂದು ತೊಟ್ಟಿಯ ಮೇಲಿನ ದೀಪವನ್ನು ಸುಟ್ಟುಹಾಕಿತು. ವಿದೇಶದ ದೀಪ. ಪುಣೆಯಿಂದ ತರಿಸಿದ್ದು, ಬಿಡಿಭಾಗ ಬರಲು ಎರಡು ತಿಂಗಳಾದರೂ ಬೇಕು ಎಂದು ಅಂಗಡಿಯವರು ಹೇಳಿದರು. ಹೊಸದನ್ನು ಕೊಳ್ಳುವ ಬದಲು ಒಂದು ಹಳೆಯ ಸ್ಕೂಟರ್ ಕೊಳ್ಳಬಹುದು. ಬೆಳಕಿಲ್ಲದೆ ಹವಳ ಎರಡು ವಾರ ಬದುಕಿದರೆ ಹೆಚ್ಚು.

ಸಂಗುವಿಗೆ ಫೋನು ಮಾಡಿದೆ. ಯಾವುದಾದರೂ ಕಡಿಮೆ ಬೆಲೆಯ ಎಲ್‌ಇಡಿ ಹಾಕಿ ನೋಡಿ, ಆದರೆ ಅವಳಿಗೆ ಮಾತ್ರ ಹೇಳಬೇಡಿ, ಬಿ.ಪಿ. ಏರಿದರೆ ಕಷ್ಟ ಎಂದ. ಕಾಶಿಬಾಯಿಗೂ ಅದನ್ನೇ ಹೇಳಿದೆ. ಆಕೆ ತಲೆಯಾಡಿಸಿದಳು. ಒಂಬತ್ತು ದಿನದ ಮೇಲೆ ನನ್ನ ಮಾತಿಗೆ ತಲೆಯಾದರೂ ಆಡಿತು.

ಮಾರ್ಚ್ 20

ನಮ್ಮ ಓಣಿಯ ತುದಿಯಲ್ಲಿ ನಾಸೀರನ ಕರೆಂಟಿನ ಸಾಮಾನಿನ ಅಂಗಡಿ. ಅವನಿಗೆ ವಿಷಯ ಹೇಳಿದರೆ ಮದುವೆ ಮಂಟಪಕ್ಕೆ ಹಾಕುವ ಫ್ಲಡ್ ಲೈಟು ಕೊಟ್ಟ. "ಈರಯ್ಯನವರ, ಇದರ ಬೆಳಕಿಗಿ ಸತ್ತ ಮೀನಾ ಎದ್ದ ಕುಂಡ್ರತಾವ" ಎಂದ. ತೂಗುಹಾಕಲು ಜಾಗ ಹುಡುಕಿದೆವು. ತೊಟ್ಟಿಯ ನೆತ್ತಿಗೆ ಸರಿಯಾಗಿ ಪಡಸಾಲೆಯ ತೊಲೆಯಲ್ಲಿ ಹಳೆಯ ಕಬ್ಬಿಣದ ಕೊಂಡಿ ಇದೆ, ಸಂಗುವಿನ ತೊಟ್ಟಿಲು ಕಟ್ಟಿದ್ದ ಕೊಂಡಿ. ಮೂವತ್ತೊಂದು ವರ್ಷದಿಂದ ಖಾಲಿಯೇ ಇತ್ತು, ಅದಕ್ಕೇ ಹಗ್ಗ ಹಾಕಿ ದೀಪ ಇಳಿಬಿಟ್ಟೆವು. ಕಾಶಿಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಮಾರ್ಚ್ 23

ಹವಳ ಬಾಯಿ ಮುಚ್ಚಿಕೊಂಡು ಕುಳಿತಿವೆ. ಮೂರು ದಿನವಾಯಿತು, ಒಂದು ಗುಂಡಿಯೂ ಬಿಚ್ಚಿಲ್ಲ. ಗಾಜಿಗೆ ಹಸಿರು ಪಾಚಿ ಹತ್ತಿತು, ನೀರು ಕಾಯುತ್ತಿದೆ. ಇಷ್ಟು ಬೆಳಕಿದ್ದೂ ಮುಚ್ಚಿಕೊಂಡಿವೆ ಎಂದರೆ ಇವಕ್ಕೆ ಬೇಕಾದದ್ದು ಬೆಳಕಲ್ಲವೇ?

ನಾಸೀರ ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಟ್ಟ. ಫೋನನ್ನು ತುಸು ವಾಲಿಸಿದರೆ ಅದರ ಅಂಕಿ ಹಾರಾಡುತ್ತದೆ. ಬಿಳಿ ಬೆಳಕಿಗೆ ಬಹಳ ತೋರಿಸುತ್ತದೆ, ನೀಲಿಗೆ ಇಲ್ಲವೇ ಇಲ್ಲ ಎನ್ನುತ್ತದೆ. ಹವಳದವರ ವಿಡಿಯೋ ನೋಡಿದರೆ, ಬೇಕಾದದ್ದು ನೀಲಿಯೇ ಎನ್ನುತ್ತಾರೆ. ಒಬ್ಬ ಎತ್ತರಕ್ಕೆ ಕಟ್ಟು ಎನ್ನುತ್ತಾನೆ, ಇನ್ನೊಬ್ಬ ಕೆಳಗೆ ಕಟ್ಟು ಎನ್ನುತ್ತಾನೆ. ಇಬ್ಬರ ಹವಳವೂ ಚೆನ್ನಾಗಿವೆ.

ಮಾರ್ಚ್ 28

ಆನ್‌ಲೈನಿನಲ್ಲಿ ಸಂಗು ತರಿಸಿದ ಅಗ್ಗದ ದೀಪ ಬಂತು. ಇಟ್ಟಿಗೆಯಂಥ ಕಪ್ಪು ಡಬ್ಬಿ, ಅರ್ಧ ನೀಲಿ ಬಲ್ಬು, ಅರ್ಧ ಬಿಳಿ, ಎರಡು ತಿರುವುಗುಂಡಿ. ಯಾವುದು ನೀಲಿಯದು, ಯಾವುದು ಬಿಳಿಯದು ಎಂದು ಬರೆದಿಲ್ಲ. ಜೊತೆಗೆ ಬಂದ ಚೀಟಿ ಚೀನೀ ಭಾಷೆಯಲ್ಲಿದೆ. ಹತ್ತಿಸಿದರೆ ಪಡಸಾಲೆಯೆಲ್ಲ ನೀಲಿ. ಕಾಶಿಬಾಯಿ ನೀಲಿ, ದೇವರ ಜಗಲಿ ನೀಲಿ, ಕನ್ನಡಿಯಲ್ಲಿ ನಾನೂ ನೀಲಿ.

ಹೊತ್ತಿಸಿ ಅರ್ಧ ಗಂಟೆಗೆ ಮೂಲೆಯ ನಾಲ್ಕು ಗುಂಡಿ ಬಿಚ್ಚಿದವು. ನಾನು ಕೂಗಿ ಕಾಶಿಬಾಯಿಯನ್ನು ಕರೆದೆ. ಬಂದು ನೋಡಿ, "ಬದುಕ್ಯಾವಲ್ರಿ" ಎಂದಳು. ಮಾತು ಬಂತು ಅಂತೂ.

ಮಾರ್ಚ್ 30, ಯುಗಾದಿ

ಬೇವು ಬೆಲ್ಲ. ಬಬಲೇಶ್ವರದಿಂದ ಫೋನು. ಹಬ್ಬದ ಶುಭಾಶಯ ಹೇಳಿ, ಮೀನುಗಳಿಗೆ ಆಹಾರ ಹಾಕಿದಿರಾ ಎಂದು ಕೇಳಿದಳು. ನಾನು ಹಾಕಿದೆ ಎಂದೆ. ಫೋನನ್ನು ಕಾಶಿಬಾಯಿಯ ಕೈಗಿಟ್ಟೆ.

ಏಪ್ರಿಲ್ 2

ದೀಪದ ನೇರ ಕೆಳಗಿರುವ ಗುಂಡಿಗಳ ಅಂಚು ಬಿಳಿಚಿಕೊಂಡಿವೆ. ಬೆಳಕು ಹೆಚ್ಚಾಯಿತು ಎಂದು ನನ್ನ ಅಂದಾಜು. ತಿಕೋಟಾದಲ್ಲಿ ತಮ್ಮ ಭೀಮಾಶಂಕರನ ಶೆಡ್ಡಿಗೆ ಮಾಲು ನೋಡಲು ಹೋಗಿದ್ದೆ. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ನಿಂತಾಗ ತಟ್ಟನೆ ಹೊಳೆಯಿತು, ಉತ್ತರ ಇಲ್ಲೇ ಇದೆ! ನಮ್ಮ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ನೇರ ಬಿಸಿಲು ಬಿದ್ದರೆ ಕೆಟ್ಟಿತು. ಹಸಿರು ಬಲೆಯ ನೆಟ್ಟಿನ ನೆರಳಲ್ಲಿ, ಗಾಳಿಗೆ ಒಣಗಿದರೆ ಮಾತ್ರ ಹಸಿರು ಉಳಿಯುತ್ತದೆ. ಭೀಮಾಶಂಕರನೂ ಅದನ್ನೇ ಹೇಳಿದ. "ಅಣ್ಣಾ, ಮಣೂಕ ಇರಲಿ ಹವಳ ಇರಲಿ, ಹಸರ ಉಳೀಬೇಕಂದ್ರ ನೆರಳ ಬೇಕ" ಎಂದು ಒಂದು ತುಂಡು ನೆಟ್ಟು ಕತ್ತರಿಸಿ ಕೊಟ್ಟ.

ನೀರಿಗೆ ತೀರ ಹತ್ತಿರವಿದ್ದ ದೀಪವನ್ನು ಮೇಲಕ್ಕೆಳೆದು ಕಟ್ಟಿ, ದೀಪಕ್ಕೂ ತೊಟ್ಟಿಗೂ ನಡುವೆ ನೆಟ್ಟು ಬಿಗಿದೆ. ಬೆಳಕು ತಣ್ಣಗಾಯಿತು. ಇದೇ ಕೈ ನಲವತ್ತು ವರ್ಷದಿಂದ ಮಾಲಿನ ಬಣ್ಣ ನೋಡಿ ದರ ಕಟ್ಟಿದ್ದು. ಕಾಲೇಜಿಗೆ ಹೋಗಿ ಕಲಿಯಬೇಕೇ ಇದನ್ನು?

ಏಪ್ರಿಲ್ 6

ಬಿಳಿಚು ನಿಂತಿತು. ಆದರೆ ಹಸಿರು ಮಂಕಾಗಿ ಕಂದು ತಿರುಗುತ್ತಿದೆ. ಕಂದು ಎಂದರೆ ಬಿಸಿಲು, ಇದು ಕಣ್ಣು ಮುಚ್ಚಿಯೂ ಹೇಳಬಲ್ಲೆ. ಇನ್ನೂ ಎಲ್ಲೋ ಬೆಳಕು ಹೆಚ್ಚಿದೆ. ಎರಡನೆಯ ನೆಟ್ಟು ಹಾಕಿದೆ.

ಏಪ್ರಿಲ್ 8

ಇನ್ನೂ ಕಂದು. ಮೂರನೆಯದು ಹಾಕಲೇ? ತೊಟ್ಟಿಯ ಮುಂದೆ ಕುಳಿತು ಅಂಗಡಿಗೆ ಹೋಗುವುದನ್ನೇ ಮರೆತೆ.

ಏಪ್ರಿಲ್ 9

ಸಂಗುವಿನ ಹೆಂಡತಿ ಆಮ್ರಪಾಲಿ ಫೋನು ಮಾಡಿ ಫೋಟೋ ಕಳಿಸಿ ಎಂದಳು. ತೆಗೆದೆ. ಫೋಟೋದಲ್ಲಿ ಹವಳ, ಮೀನು, ಕಲ್ಲು ಎಲ್ಲ ಒಂದೇ ನೀಲಿ, ಹಸಿರೂ ಇಲ್ಲ, ಕಂದೂ ಇಲ್ಲ. ನೀಲಿ ಬೆಳಕಿಗೆ ಫೋನಿನ ಕ್ಯಾಮೆರಾ ಹೀಗೇ ಮಾಡುತ್ತದೆ, ಏನೂ ತಿಳಿಯುವುದಿಲ್ಲ ಎಂದಳು. ನಾನು ಬಚಾವಾದೆ ಎಂದುಕೊಂಡೆ. ಅವಳಿಗೆ ಖುಷಿಯಾಗಲಿ ಎಂದು, ನೀನು ಹೋದ ಮೇಲೆ ಅವು ಚೆನ್ನಾಗಿ ಬೆಳೆದಿವೆ, ಒಂದೊಂದರ ಕಾಂಡ ಬೆರಳುದ್ದ ಆಗಿದೆ ಎಂದೆ. ಇದು ಸುಳ್ಳಲ್ಲ, ನಿಜವಾಗಿಯೂ ಉದ್ದವಾಗಿವೆ.

ಅವಳು, "ಬೆಳೆದಾವೋ, ಕತ್ತು ಚಾಚ್ಯಾವೋ ಮಾವಾರ?" ಎಂದು ಕೇಳಿದಳು. ಎರಡಕ್ಕೂ ಏನು ವ್ಯತ್ಯಾಸ? ದೀಪ ಸರಿಯಾಗಿದೆಯೇ ಎಂದಳು. ಸರಿಯಾಗಿದೆ ಎಂದೆ. ಸುಳ್ಳು ಹೇಳುವಾಗ ನನ್ನ ದನಿ ಸಣ್ಣಗಾಗುತ್ತದೆ ಎಂದು ಕಾಶಿಬಾಯಿ ಹೇಳುವುದುಂಟು. ಆಮ್ರಪಾಲಿಗೆ ಅದು ಗೊತ್ತಿರಲಾರದು. ನನ್ನೊಡನೆ ಅವಳು ಮಾತಾಡಿದ್ದೇ ಎಷ್ಟು ದಿನ?

ಏಪ್ರಿಲ್ 12, ಶನಿವಾರ

ಸಂಗು ಬಂದ. ತೊಟ್ಟಿ ನೋಡಿ ತಲೆ ಅಲ್ಲಾಡಿಸಿದ. ಅವನಿಗೂ ಇದರಲ್ಲಿ ಗಂಧಗಾಳಿ ಇಲ್ಲ. ತೊರವಿಯಲ್ಲಿ ಒಂದು ಮನೆ ಒಪ್ಪಿಗೆಯಾಗಿದೆಯಂತೆ, ಮಗು ಹುಟ್ಟಿದ ಮೇಲೆ ಮಾತು ಮುಗಿಸುತ್ತಾನಂತೆ. ಕಾಶಿಬಾಯಿ ಮೊಮ್ಮಗುವಿಗೆಂದು ಹೊಲಿಯುತ್ತಿದ್ದ ಕುಂಚಿಗೆಯನ್ನು ಮಡಿಚಿ ಎತ್ತಿಟ್ಟಳು.

ಊಟಕ್ಕೆ ಕುಳಿತಾಗ ಸಂಗು, "ಸತ್ತರ ಸಾಯಲಿ ಬಿಡ್ರಿ ಅಪ್ಪಾ. ನೀವು ಯಾಕ ತಲಿ ಕೆಡಸ್ಕೋತೀರಿ? ತೊರವಿ ಮನಿಗಿ ಹೊಸವು ತರತೀವಿ" ಎಂದ. ಸಮಾಧಾನ ಮಾಡಲೆಂದೇ ಹೇಳಿದ್ದು, ನನಗೂ ಗೊತ್ತು. ಆದರೂ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದೆ. ಇಷ್ಟು ದಿನ ಬೇಕಾಗಿದ್ದದ್ದು ಇದೇ ಅಲ್ಲವೇ, ಜವಾಬ್ದಾರಿ ತಪ್ಪಬೇಕು? ಈಗ ತಪ್ಪಿದೆ. ಮತ್ತೆ ಏಕೆ ಹೀಗೆ ಸಂಕಟ?

ಹೇಳಿದರೆ ಬಿ.ಪಿ., ಹೇಳದಿದ್ದರೆ ಹವಳ. ಅತ್ತ ದರಿ ಇತ್ತ ಪುಲಿ. ಅವಳು ಒಂದು ಸಲ ಕಣ್ಣಾರೆ ನೋಡಿದರೆ ಹೇಳಿಯಾಳು. ಫೋನಿನಲ್ಲಿ ತೋರಿಸುವಂತಿಲ್ಲ. ಅವಳು ಬರುವಂತಿಲ್ಲ. ಉಳಿದದ್ದು ಒಂದೇ ದಾರಿ.

ಏಪ್ರಿಲ್ 14, ಅಂಬೇಡ್ಕರ್ ಜಯಂತಿ ರಜೆ

ಇವತ್ತಿನದು ಎಲ್ಲಿಂದ ಬರೆಯಲಿ?

ಪೇಟೆ ಬಂದಾಗಿತ್ತು. ಮಾಲು ನೋಡಲು ಬಬಲೇಶ್ವರದ ಕಡೆ ಹೋಗಿ ಬರುತ್ತೇನೆ ಎಂದು ಕಾಶಿಬಾಯಿಗೆ ಹೇಳಿ, ಆಕೆ ಹಿತ್ತಲಿಗೆ ಹೋದಾಗ ಆಕೆಯ ನಾಲ್ಕು ಅಂತಸ್ತಿನ ಬುತ್ತಿಯ ಡಬ್ಬಿ ತೆಗೆದುಕೊಂಡೆ. ತಾಮ್ರದ ಕೊಡ ಬೇಡ ಎಂದು ನೆನಪಿಟ್ಟು ಸ್ಟೀಲಿನದೇ ಹುಡುಕಿದ್ದು. ತಳದ ದೊಡ್ಡ ಅಂತಸ್ತಿನಲ್ಲಿ ತೊಟ್ಟಿಯ ನೀರು ಹಾಕಿ, ಹವಳ ಹತ್ತಿದ ಒಂದು ಕಲ್ಲು ಇಟ್ಟೆ. ಮೇಲಿನ ಮೂರೂ ಖಾಲಿ. ಮೂರೂ ಇಲ್ಲದಿದ್ದರೆ ಡಬ್ಬಿಯ ಹಿಡಿಕೆ ಬಿಗಿಯಾಗುವುದಿಲ್ಲ. ಸುತ್ತ ಒದ್ದೆ ಟವೆಲು ಸುತ್ತಿ ಬಸ್ಸು ಹತ್ತಿದೆ.

ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು ಬುತ್ತಿ ಯಾರಿಗೆ ಎಂದು ಕೇಳಿದಳು. ಸೊಸೆಗೆ ಎಂದೆ. ಎಷ್ಟನೇ ತಿಂಗಳಲ್ಲಿದ್ದಾಳೆ ಎಂದಳು. ನನಗೆ ಲೆಕ್ಕ ಗೊತ್ತಿರಲಿಲ್ಲ. ಕೇಳಿಸದವನಂತೆ ಕಿಟಕಿಯ ಕಡೆ ತಿರುಗಿದೆ.

ಬಬಲೇಶ್ವರದಲ್ಲಿ ಅವರ ಓಣಿ ಪೂರ್ತಿ ನೀಲಿ ಬಾವುಟ, ನೀಲಿ ಬಲ್ಬಿನ ಸರ. ರಜೆ ಎಂದರೆ ನನಗೆ ಪೇಟೆ ಬಂದಾಗುವುದಷ್ಟೇ ನೆನಪಿತ್ತು, ಇವರಿಗೆ ಇದು ದೊಡ್ಡ ಹಬ್ಬ ಎಂದು ತಲೆಗೇ ಬಂದಿರಲಿಲ್ಲ. ಮನೆಯ ತುಂಬ ಜನ. ಆಮ್ರಪಾಲಿಯ ತಾಯಿ ಸತ್ಯವ್ವ ನನ್ನನ್ನು ಬಾಗಿಲಲ್ಲಿ ಕಂಡು ಒಂದು ಗಳಿಗೆ ಹಾಗೆಯೇ ನಿಂತರು. ಆಮೇಲೆ ಅವರ ಕಣ್ಣು ಡಬ್ಬಿಯ ಮೇಲೆ ಬಿತ್ತು, ಅದರ ಮೇಲೆ ಕೊರೆಸಿದ ಕಾಶಿಬಾಯಿಯ ಹೆಸರಿನ ಮೇಲೆ ಬಿತ್ತು. ಒಳಗೆ ತಿರುಗಿ, "ಹಬ್ಬದ ದಿನ ಬೀಗರು ಬುತ್ತಿ ತಗೊಂಡ ಬಂದಾರ" ಎಂದರು.

ಬಸುರಿಗೆ ಗಂಡನ ಮನೆಯಿಂದ ಬುತ್ತಿ ಹೋಗಬೇಕು. ನಮ್ಮ ಮನೆಯಿಂದ ಹೋಗಿರಲಿಲ್ಲ. ಆ ಕ್ಷಣದಲ್ಲಿ ನನಗೆ ಅದು ನೆನಪಾಯಿತು. ಬಾಯಿ ತೆರೆಯುವಷ್ಟರಲ್ಲಿ ಯಾರೋ ಕಾಲಿಗೆ ನೀರು ಕೊಟ್ಟರು, ಯಾರೋ ಕುರ್ಚಿ ಹಾಕಿದರು, ತಂಬಿಗೆ ಕೈಗೆ ಬಂತು. ಬಿಸಿಲಿಗೆ ಗಂಟಲು ಒಣಗಿತ್ತು, ಎತ್ತಿ ಕುಡಿದುಬಿಟ್ಟೆ. ಅಷ್ಟರಲ್ಲಿ ಡಬ್ಬಿ ನನ್ನ ಕೈ ಬಿಟ್ಟು ನಡುಮನೆಗೆ ಹೋಗಿತ್ತು. ಓಣಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಆಮ್ರಪಾಲಿ ಮಂಚದ ಮೇಲೆ ಎದ್ದು ಕುಳಿತು, ನನ್ನನ್ನೂ ಡಬ್ಬಿಯನ್ನೂ ನೋಡುತ್ತಿದ್ದಳು.

ಸತ್ಯವ್ವ ಡಬ್ಬಿಗೆ ಕೈಮುಗಿದು ಮೇಲಿನ ಅಂತಸ್ತು ತೆಗೆದರು. ಖಾಲಿ. ಎರಡನೆಯದು ತೆಗೆದರು. ಖಾಲಿ. ಮೂರನೆಯದೂ ಖಾಲಿ. ಕೊನೆಯದರಲ್ಲಿ ಕಲ್ಲು.

ಆ ಗಳಿಗೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮದುವೆಯ ಮಾತಿಗೆ ಬಂದು ನೀರು ಮುಟ್ಟದೆ ಹೋದವನು, ಈಗ ಅವರ ಹಬ್ಬದ ದಿನ, ಅವರ ಮಂದಿಯ ಎದುರು, ಬಸುರಿ ಮಗಳಿಗೆ ಕಲ್ಲು ತಂದಿದ್ದಾನೆ! ಆಮ್ರಪಾಲಿಯ ತಂದೆ ರಾಜಾರಾಮ, ನಿವೃತ್ತ ಮಾಸ್ತರರು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ನಾನು ಏನೋ ಹೇಳಲು ಹೋದೆ, ನೆಟ್ಟು, ದೀಪ, ಕಂದು ಎಂದು ತೊದಲಿದೆ. ಯಾರಿಗೂ ಏನೂ ತಿಳಿಯಲಿಲ್ಲ.

ಆಗ ಆಮ್ರಪಾಲಿ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. "ಯವ್ವಾ, ಅವು ಕಲ್ಲಲ್ಲ, ನನ್ನ ಹವಳ. ಮಾವಾರು ಸಮುದ್ರ ಹೊತ್ತುಕೊಂಡ ಬಂದಾರ" ಎಂದಳು. ಸತ್ಯವ್ವ ಮತ್ತೊಮ್ಮೆ ಬಗ್ಗಿ ನೋಡಿದರು. ಒಂದು ಗುಂಡಿ ಮೆಲ್ಲಗೆ ಬಿಚ್ಚುತ್ತಿತ್ತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು, ಆಮೇಲೆ ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ.

ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿಸಿ ನೋಡಿದಳು. ನಾನು ದೀಪ ಸುಟ್ಟದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ದೀಪ ಸುಟ್ಟದ್ದು ಅವಳಿಗೆ ಅಂದೇ ಗೊತ್ತಿತ್ತಂತೆ, ಕಾಶಿಬಾಯಿ ಫೋನು ಮಾಡಿ ಹೇಳಿದ್ದಳಂತೆ. ತಲೆಯಾಡಿಸಿದ್ದರ ಅರ್ಥ ಅದು! ಮತ್ತೆ ಗೊತ್ತಿದೆ ಎಂದು ನನಗೆ ಏಕೆ ಹೇಳಲಿಲ್ಲ ಎಂದೆ. "ನೀವಾಗೇ ಹೇಳಲಿ ಅಂತ ಸುಮ್ಮನಿದ್ನಿರಿ" ಎಂದಳು.

ನೆಟ್ಟಿನ ಮಾತಿಗೆ ಅವಳು ನಗಲಿಲ್ಲ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಕಂದು ಜೀವಗಳಿರುತ್ತವಂತೆ, ಬೆಳಕಿನಿಂದ ಅಡುಗೆ ಮಾಡಿ ಹವಳಕ್ಕೆ ಉಣಿಸುತ್ತವಂತೆ. ಬೆಳಕು ಹೆಚ್ಚಾದರೆ ಅವು ಬಿಟ್ಟು ಹೋಗುತ್ತವೆ, ಹವಳ ಬಿಳಿಚುತ್ತದೆ. ಕಡಿಮೆಯಾದರೆ ಸಿಕ್ಕಷ್ಟು ಬೆಳಕು ಹಿಡಿಯಲು ಅವೇ ಹೆಚ್ಚುತ್ತವೆ, ಹವಳ ಕಂದಾಗುತ್ತದೆ. ನಮ್ಮ ದ್ರಾಕ್ಷಿಯ ಲೆಕ್ಕಕ್ಕೆ ಪೂರ್ತಿ ತಿರುಗುಮುರುಗು.

"ಇವು ಹಸಿದಾವ್ರಿ ಮಾವಾರ. ಕತ್ತು ಉದ್ದ ಮಾಡಿ ಬೆಳಕು ಬೇಡಾಕತ್ತಾವ. ನೀವು ಮ್ಯಾಲ ಮತ್ತೊಂದು ನೆಟ್ಟು ಹೊಚ್ಚೀರಿ."

ಅವಳ ಮುಖ ನೋಡಲಾಗದೆ ಕಲ್ಲನ್ನೇ ನೋಡಿದೆ. ಈಗ ಉಳಿಯುತ್ತವೆಯೇ ಎಂದು ಕೇಳಿದೆ. ಉಳಿಯುತ್ತವೆ, ಆದರೆ ಒಮ್ಮೆಲೇ ಎಲ್ಲ ಬೆಳಕು ಕೊಟ್ಟರೆ ತಾಳವು, ವಾರಕ್ಕೊಂದು ನೆಟ್ಟು ತೆಗೆಯಿರಿ, ದೀಪ ನೀರಿನಿಂದ ಒಂದೂವರೆ ಗೇಣು ಮೇಲಿರಲಿ ಎಂದಳು. ಯಾರ ಗೇಣು ಎಂದೆ. ಅವಳು ತನ್ನ ಅಂಗೈ ಬಿಚ್ಚಿ, ನನ್ನದನ್ನೂ ಬಿಚ್ಚಲು ಹೇಳಿ, ಪಕ್ಕಕ್ಕೆ ಹಿಡಿದು ನೋಡಿದಳು. ನನ್ನದು ದೊಡ್ಡದು. "ನಿಮ್ಮ ಗೇಣಲೇ ಅಳೀರಿ" ಎಂದಳು.

ಹೊರಡುವ ಹೊತ್ತಿಗೆ ಸತ್ಯವ್ವ ಡಬ್ಬಿ ಬರಿದು ಕಳಿಸುವುದಿಲ್ಲ ಎಂದರು. ತಳದಲ್ಲಿ ಸಮುದ್ರ, ಅದರ ಮೇಲೆ ಬದನೆಕಾಯಿ ಪಲ್ಯ, ಅದರ ಮೇಲೆ ರೊಟ್ಟಿ, ಮೇಲ್ಗಡೆ ಗೋಧಿ ಹುಗ್ಗಿ. ರಾಜಾರಾಮ ಮಾಸ್ತರರು ಬಸ್‌ಸ್ಟ್ಯಾಂಡಿನವರೆಗೆ ಡಬ್ಬಿ ಹಿಡಿದು ಬಂದರು, ಒಂದು ಹನಿ ಚೆಲ್ಲದಂತೆ. ಮನೆಗೆ ಬಂದ ಕೂಡಲೇ ಕಲ್ಲನ್ನು ತೊಟ್ಟಿಗೆ ಇಳಿಸಿ, ಒಂದು ನೆಟ್ಟು ತೆಗೆದೆ. ಗೇಣು ಹಾಕಿ ಅಳೆದೆ. ನಾನು ದೀಪವನ್ನು ಮೂರು ಗೇಣು ಮೇಲೆ ಕಟ್ಟಿದ್ದೆ.

ಏಪ್ರಿಲ್ 15

ಬೆಳಿಗ್ಗೆ ಕಾಶಿಬಾಯಿ ಚಹಾ ಕೊಡುತ್ತ, ಬಬಲೇಶ್ವರದ ಹುಗ್ಗಿ ಹೇಗಿತ್ತು ಎಂದಳು. ಚೆನ್ನಾಗಿತ್ತು, ಬೆಲ್ಲ ಹದವಾಗಿತ್ತು, ಅಲ್ಲಿಯೂ ಎರಡು ಸಲ ಹಾಕಿಸಿಕೊಂಡೆ ಎಂದೆ. "ನಿನ್ನೆ ಯಾವ ವಾರ?" ಎಂದಳು.

ಲೆಕ್ಕ ಹಾಕಿದೆ. ಸೋಮವಾರ.

ಇದು ಹೇಗಾಯಿತು? ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ತಲೆಯಲ್ಲಿ ಹವಳವೇ ತುಂಬಿತ್ತು, ಅದಕ್ಕೇ ಇರಬೇಕು. ಬೇರೆ ಕಾರಣ ಕಾಣುವುದಿಲ್ಲ. ಕಾಶಿಬಾಯಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಏಪ್ರಿಲ್ 22

ಎರಡನೆಯ ನೆಟ್ಟೂ ತೆಗೆದೆ, ದೀಪವನ್ನು ಮೆಲ್ಲಮೆಲ್ಲಗೆ ಒಂದೂವರೆ ಗೇಣಿಗೆ ಇಳಿಸಿದೆ. ಆಮ್ರಪಾಲಿ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಹವಳ ಹೇಗಿವೆ ಎಂದು ಕೇಳುತ್ತಾಳೆ. ಬಿ.ಪಿ. ಎಷ್ಟು ಎಂದು ನಾನೂ ಕೇಳುತ್ತೇನೆ. ಎರಡೂ ಲೆಕ್ಕ ಒಂದೇ ಪುಟದಲ್ಲಿ ಬೇಡ ಎಂದು ಬರೆಯುತ್ತಿಲ್ಲ. ಕಾಶಿಬಾಯಿ ತಾನೇ ನಿಂತು ಬುತ್ತಿ ಕಟ್ಟಿ ಬಬಲೇಶ್ವರಕ್ಕೆ ಹೋಗಿ ಬಂದಳು. ಶೇಂಗಾ ಹೋಳಿಗೆ, ಅಂಟಿನುಂಡಿ. ತನ್ನ ಡಬ್ಬಿಯಲ್ಲಿ ಈ ಸಲ ಕಲ್ಲಿಲ್ಲ ಎಂದು ಎಲ್ಲರಿಗೂ ತೆಗೆದು ತೋರಿಸಿದಳಂತೆ.

ಏಪ್ರಿಲ್ 30

ಹಸಿರು ಬಂತು! ಅಂಚಿನಲ್ಲಿ, ಕೂದಲೆಳೆಯಷ್ಟು. ಹಗಲು ಬೆಳಕಿನಲ್ಲೂ ನೋಡಿದೆ, ನೀಲಿಯಲ್ಲೂ ನೋಡಿದೆ, ನಾಸೀರನನ್ನು ಕರೆದು ತೋರಿಸಿದೆ. ಅವನಿಗೆ ಕಾಣಲಿಲ್ಲ. ಮಾಲು ನೋಡುವ ಕಣ್ಣು ಬೇಕು. ಆಮ್ರಪಾಲಿಗೆ ಹೇಳಿದರೆ ಫೋನಿನಲ್ಲೇ ಕೂಗಿದಳು.

ಮೇ 8

ಹೆಣ್ಣು ಮಗು. ತಾಯಿ ಮಗು ಇಬ್ಬರೂ ಆರಾಮ. ನಾನು ಆಸ್ಪತ್ರೆಯಲ್ಲಿ ಎಲ್ಲರೆದುರು ಅತ್ತೆ. ಏಕೆ ಅತ್ತೆ ಎಂದು ಈಗ ಯೋಚಿಸಿದರೂ ತಿಳಿಯುತ್ತಿಲ್ಲ, ಇದು ಸಂತೋಷದ ಸಂಗತಿ. ಸತ್ಯವ್ವ ಚಹಾ ತಂದುಕೊಟ್ಟರು.

ಮೇ 21

ಪುಣೆಗೆ ಕಳಿಸಿದ್ದ ವಿದೇಶದ ದೀಪ ರಿಪೇರಿಯಾಗಿ ಬಂತು. ಈಗ ಅದು ಬೇಡ, ಹವಳ ಅಗ್ಗದ ದೀಪಕ್ಕೆ ಹೊಂದಿಕೊಂಡಿವೆ, ಮತ್ತೆ ಬದಲಿಸಿ ಕಾಡಬೇಡಿ ಎಂದಳು ಆಮ್ರಪಾಲಿ. ಆದರೆ ತೊರವಿಗೆ ಒಯ್ಯುವಾಗ ಯಾವುದನ್ನು ಒಯ್ಯಬೇಕು ಎಂದು ಕೇಳಬೇಕೆಂದುಕೊಂಡಿದ್ದೆ. ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ.

ಮೇ 25, ಭಾನುವಾರ

ಸಂಜೆ ಆಮ್ರಪಾಲಿಯ ಫೋನು. ಹಿಂದೆ ಮಗು ಅಳುವುದು ಕೇಳುತ್ತಿತ್ತು. ದೀಪವನ್ನು ಯಾವುದಕ್ಕೆ ಕಟ್ಟಿದ್ದೀರಿ ಎಂದು ಕೇಳಿದಳು. ತೊಲೆಯ ಕೊಂಡಿಗೆ ಎಂದೆ. "ಅದರಿಂದ ಬಿಚ್ಚರಿ ಮಾವಾರ. ದೀಪಕ್ಕ ಬ್ಯಾರೆ ಏನರ ಮಾಡಸ್ರಿ. ಆ ಕೊಂಡಿ ನಮಗ ಬೇಕಾಗತೈತಿ" ಎಂದಳು. ಏಕೆ ಎನ್ನುವಷ್ಟರಲ್ಲಿ ಮಗುವಿನ ಅಳು ಜೋರಾಗಿ, ಫೋನು ಇಟ್ಟಳು.

ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟು ಗಟ್ಟಿಯಾದ ಕೊಂಡಿ, ಎರಡು ತಿಂಗಳು ದೀಪ ಅಲುಗಿಲ್ಲ, ಅದರಿಂದ ಹವಳಕ್ಕೆ ಏನು ತೊಂದರೆ? ತೊರವಿಯಲ್ಲಿ ಕುಳಿತು ಇವರಿಗೆ ನಮ್ಮ ಪಡಸಾಲೆಯ ಕೊಂಡಿ ಏಕೆ? ಅಡುಗೆಮನೆಗೆ ಹೋಗಿ ಕಾಶಿಬಾಯಿಗೆ ಮಾತನ್ನು ಇದ್ದಹಾಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ತಲೆಯೆತ್ತಿ ತೊಲೆಯ ಕೊಂಡಿ ನೋಡುತ್ತ ನಿಂತಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಆಗ ಗೊತ್ತಾಯಿತು. ನಾನು ಸ್ಟೂಲು ಎಳೆದು ಹತ್ತಿ, ಸಂಗುವಿನ ತೊಟ್ಟಿಲು ತೂಗಿದ ಆ ಕೊಂಡಿಯನ್ನು ಕೈಯಿಂದ ಮುಟ್ಟಿ ನೋಡಿದೆ.

ನಾಳೆ ನಾಸೀರನನ್ನು ಕರೆಸಿ ದೀಪಕ್ಕೆ ಕಬ್ಬಿಣದ ಸ್ಟ್ಯಾಂಡು ಮಾಡಿಸಬೇಕು. ತೊಟ್ಟಿಯನ್ನು ಗೋಡೆಯ ಕಡೆ ಸರಿಸಬೇಕು, ತೊಟ್ಟಿಲು ತೂಗಲು ಜಾಗ ಬೇಕು, ನೀಲಿ ಬೆಳಕು ಮಗುವಿನ ಕಣ್ಣಿಗೆ ಬೀಳದಂತೆ ಆ ಕಡೆ ಒಂದು ಹಲಗೆ ನಿಲ್ಲಿಸಬೇಕು. ಮಿಕ್ಕಿದ ನೆಟ್ಟು ಭೀಮಾಶಂಕರನಿಗೆ ಮರಳಿಸಬೇಕು. ಕೊಂಡಿಯ ತುಕ್ಕು ಉಜ್ಜಿ ಎಣ್ಣೆ ಹಾಕಬೇಕು. ಏನು ಮಾಡಿದರೂ ದೀಪದ ಎತ್ತರ ಮಾತ್ರ ಕೆಡಬಾರದು. ನೀರಿನಿಂದ ಒಂದೂವರೆ ಗೇಣು, ಅದೂ ನನ್ನ ಗೇಣು. ನಮ್ಮ ಆಮ್ರಪಾಲಿ ಅಳೆದು ಹೇಳಿದ್ದು.